ರಾಜ್ಯಾರ್ಥಶಾಸ್ತ್ರದ ಬೋಧನೆಯೂ ಪರೀಕ್ಷೆಯೂ: ದಾವಣಗೆರೆ–ಹರಿಹರ ಸೀಮೆಯ ನಿದರ್ಶನ

೧

ದೇಶದೇಶಗಳ ನಡುವಣ ವ್ಯಾಪಾರವನ್ನೂ ಅದನ್ನು ನಡೆಸುವ ಇಲ್ಲವೆ ತಡೆಯುವ ರಾಜ್ಯಶಕ್ತಿಯನ್ನೂ ಒಂದೇ ವಿಚಾರದಲ್ಲಿ ಸೇರಿಸಿ ನೋಡುವ ಶಾಸ್ತ್ರಕ್ಕೆ ಈಚಿನ ವಿಶ್ವವಿದ್ಯಾನಿಲಯಗಳಲ್ಲಿ ಅಂತರರಾಷ್ಟ್ರೀಯ ರಾಜ್ಯಾರ್ಥಶಾಸ್ತ್ರವೆಂಬ ಹೆಸರು ಬಂದಿದೆ. ಹೆಸರು ಈಚಿನದಾದರೂ ವಸ್ತುವು ಈಚಿನದಲ್ಲ. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಪಂಡಿತರು ತಮ್ಮ ಶಾಸ್ತ್ರವನ್ನು ‘ಪೊಲಿಟಿಕಲ್ ಎಕಾನಮಿ’, ಎಂದರೆ ರಾಜ್ಯದ ಅರ್ಥವ್ಯವಸ್ಥೆಯ ವಿಚಾರ, ಎಂದೇ ಕರೆಯುತ್ತಿದ್ದರು. ೧೮೯೦ರಲ್ಲಿ ಆಲ್‌ಫ್ರೆಡ್ ಮಾರ್ಷಲನ ಗ್ರಂಥವು ಪ್ರಕಟವಾದ ಮೇಲೆ ‘ಎಕನಾಮಿಕ್ಸ್’ ಎಂಬ ಹೆಸರು ರೂಢಿಗೆ ಬಂದಿತು. ರಾಜ್ಯವೆಂಬ ಮಾತು ಮೊದಲು ಶಾಸ್ತ್ರದ ಹೆಸರಿನಿಂದಲೂ, ಕ್ರಮೇಣ ಅದರ ಪಾಠಗಳಿಂದಲೂ ದೂರವಾಯಿತು. ಅರ್ಥಶಾಸ್ತ್ರಜ್ಞರೂ ರಾಜ್ಯಶಾಸ್ತ್ರಜ್ಞರೂ ಒಬ್ಬರನ್ನೊಬ್ಬರು ಉಪೇಕ್ಷಿಸಿದುದರಿಂದ ಆದ ಹಾನಿಯನ್ನು ೧೯೭೦ರಲ್ಲಿ ಸೂಸನ್ ಸ್ಟ್ರೇಂಜ್ ಎಂಬ ಆಂಗ್ಲ ವಿದುಷಿಯು ಎತ್ತಿ ತೋರಿಸಿದಳು. ಆ ಬಳಿಕವೇ ಈ ಎರಡು ವಿಚಾರಗಳನ್ನು ಮರಳಿ ಕೂಡಿಸುವ ಪಾಠಕ್ರಮಗಳು ಹಲವು ದೇಶಗಳಲ್ಲಿ ಏರ್ಪಟ್ಟುವು.

ಈ ಶಾಸ್ತ್ರವು ಕನ್ನಡನಾಡಿನ ವಿದ್ಯಾಶಾಲೆಗಳಿಗೆ ಯಾವ ರೂಪದಲ್ಲಿ ಬಂದಿತು, ಅದನ್ನು ಕಲಿತವರನ್ನು ಯಾವ ಬಗೆಯಲ್ಲಿ ಪರೀಕ್ಷಿಸಲಾಯಿತು ಎಂಬುದು ವಿದ್ಯಾಭ್ಯಾಸದ ಚರಿತ್ರೆಗೆ ಸೇರಿದ ಪ್ರಶ್ನೆ. ದಾವಣಗೆರೆ ಮತ್ತು ಹರಿಹರಗಳನ್ನು ಇಲ್ಲಿ ನಿದರ್ಶನವಾಗಿ ಆರಿಸಿಕೊಳ್ಳಲು ಎರಡು ಕಾರಣಗಳುಂಟು. ಇವು ವ್ಯಾಪಾರದಿಂದಲೇ ಬೆಳೆದ ಊರುಗಳು. ಮೂರು ಆಡಳಿತಗಳು ಕೂಡುವ ಗಡಿಯ ಬಳಿ ಬಹುಕಾಲ ಇದ್ದ ಊರುಗಳೂ ಹೌದು. ಶಾಸ್ತ್ರದ ತತ್ತ್ವಗಳಿಗೆ ಬೇಕಾದ ಉದಾಹರಣೆಗಳು ಇಲ್ಲಿನ ಪೇಟೆಯಲ್ಲಿಯೂ ನದಿಯ ಸೇತುವೆಯ ಮೇಲೂ ದೊರೆಯುತ್ತಿದ್ದರೂ, ಇಲ್ಲಿನ ವಿದ್ಯಾರ್ಥಿಗೆ ಹಾಕಿದ ಪ್ರಶ್ನೆಗಳು ದೂರದೇಶದ ಉದಾಹರಣೆಗಳನ್ನೇ ಕೇಳುತ್ತ ಬಂದುವು.

೨

ದಾವಣಗೆರೆಯ ವಾಣಿಜ್ಯದ ವಿಷಯವಾಗಿ ಸ್ಪಷ್ಟವಾದ ಹಳೆಯ ವರ್ಣನೆಯನ್ನು ಬರೆದಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುಸುಲ್ತಾನನ ಪತನಾನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ೧೮೦೦–೧೮೦೧ರಲ್ಲಿ ಮೈಸೂರು, ಕನ್ನಡ ಮತ್ತು ಮಲಬಾರು ಸೀಮೆಗಳನ್ನು ಸಂಚರಿಸಿ ಅವನು ಬರೆದ ದಿನಚರಿಯು ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹಿಂದೆ ಬಡಹಳ್ಳಿಯಾಗಿದ್ದ ಈ ಊರನ್ನು ಹೈದರಾಲಿಯು ಅಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಅವನು ವರ್ತಕರಿಗೆ ಪ್ರೋತ್ಸಾಹವಿತ್ತು ನೆಲೆಗೊಳಿಸಿದುದರಿಂದ ಊರು ಬೆಳೆಯಿತೆಂದೂ ಆ ದಿನಚರಿಯಿಂದ ತಿಳಿದುಬರುತ್ತದೆ. ಮಲೆನಾಡಿನ ಸಾಗರ, ನಗರಗಳಿಂದ ಬಂದ ಅಡಕೆ ಮೆಣಸುಗಳನ್ನು ಇಲ್ಲಿನ ವರ್ತಕರು ಘಟ್ಟದ ಕೆಳಗಣ ವಾಲಾಜಾಪೇಟೆಗೆ ಕಳುಹಿಸುತ್ತಿದ್ದರು. ಹಿಂದಿರುಗುವಾಗ ಮದರಾಸಿನಲ್ಲಿ ಇಳಿದ ಯೂರೋಪು, ಚೀನ ಮತ್ತು ಪೂರ್ವದ್ವೀಪಗಳ ಸರಕನ್ನೂ ಉಪ್ಪನ್ನೂ ತರುತ್ತಿದ್ದರು. ಊರಿನ ಕಂಬಳಿಗಳು ಪ್ರಸಿದ್ಧವಾಗಿದ್ದುವು.

ಈ ವೃತ್ತಾಂತದಲ್ಲಿ ಮೂರು ಅಂಶಗಳು ಗಮನಾರ್ಹ. ಪೇಟೆಯು ತಾನಾಗಿ ಹುಟ್ಟಿದುದಲ್ಲ. ಒಬ್ಬ ಅರಸನ ದಾನಪತ್ರವೂ ಒಬ್ಬ ಜಹಗೀರದಾರನ ನೀತಿಯೂ ಅದಕ್ಕೆ ಮೂಲ. ಊರಿನ ಲಾಭವು ಊರಿನ ಬೆಳೆಗಿಂತ ಹೆಚ್ಚಾಗಿ ಎರಡು ಸೀಮೆಗಳ ನಡುವೆ ಸರಕು ಸಾಗಿಸುವ ಕೆಲಸದಿಂದ ಬಂದಿತು. ಚೀನದ ಸರಕು ದಾವಣಗೆರೆಯ ಅಂಗಡಿಗೆ ಬರುವುದಕ್ಕೆ ಸಮುದ್ರಯಾನದ ಕಂಪನಿ, ಮದರಾಸಿನ ಬಂದರು, ಘಟ್ಟದ ಸುಂಕದ ಕಟ್ಟೆ, ಎತ್ತಿನ ಹೇರು ಎಲ್ಲವೂ ಒಂದರ ಹಿಂದೆ ಒಂದು ಸೇರಬೇಕಾಗಿದ್ದಿತು. ಅಂತರರಾಷ್ಟ್ರೀಯ ರಾಜ್ಯಾರ್ಥಶಾಸ್ತ್ರವು ವಿಚಾರಿಸುವುದು ಈ ಸರಪಳಿಯನ್ನೇ.

ಹರಿಹರದ ಸಾಕ್ಷ್ಯವು ಇನ್ನೂ ಪ್ರಾಚೀನವಾದುದು. ಹೊಯ್ಸಳ ಎರಡನೆಯ ನರಸಿಂಹನ ಮಂತ್ರಿಯಾದ ಪೋಲಾಳ್ವ ದಂಡನಾಯಕನು ೧೨೨೪ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಆವರಣದಲ್ಲಿ ಹಲವು ಶಾಸನಗಳು ನಿಂತಿವೆ. ಅವನ್ನು ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ಣಾಟಿಕದ ಹನ್ನೊಂದನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಶಾಸನಗಳ ಜೊತೆಗೆ ಸೇರಿಸಿದರು. ಕನ್ನಡ ಶಾಸನಗಳನ್ನು ಓದಿದವರಿಗೆ ಸುಂಕ, ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಮಾತುಗಳು ಪರಿಚಿತವಾಗಿವೆ. ಅಯ್ಯಾವೊಳೆಯ ಐನೂರ್ವರು, ಉಭಯ ನಾನಾದೇಶಿಗಳು ಎಂಬ ವಣಿಕ್ಸಂಘಗಳ ಕೀರ್ತಿಯೂ ಅವರಿಗೆ ತಿಳಿದುದೇ. ಐನೂರ್ವರ ಹೆಸರು ೧೦೮೮ರ ಒಂದು ತಮಿಳು ಶಾಸನದಲ್ಲಿ ಸುಮಾತ್ರ ದ್ವೀಪದ ಬಾರೂಸಿನಲ್ಲಿಯೂ ದೊರೆತಿದೆ. ಪರದೇಶ ವ್ಯಾಪಾರವನ್ನೂ ಅದರ ಮೇಲಣ ಕರಗಳನ್ನೂ ಹೇಳಲು ಕನ್ನಡಕ್ಕೆ ಮಾತಿಲ್ಲವೆಂಬ ಆಕ್ಷೇಪಕ್ಕೆ ಈ ಶಾಸನಗಳೇ ಉತ್ತರ.

ಹತ್ತೊಂಬತ್ತನೆಯ ಶತಮಾನದಲ್ಲಿ ರಾಜ್ಯವು ಪೇಟೆಯ ಪಥವನ್ನು ಎರಡು ಬಾರಿ ತಿದ್ದಿತು. ೧೮೩೪ರಿಂದ ೧೮೬೧ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ೭೬೯ ಸಣ್ಣಪುಟ್ಟ ಕರಗಳು ರದ್ದಾದುವು. ಹಳೆಯ ಸಾಯರು ಪದ್ಧತಿಯಲ್ಲಿ ಹೆಜ್ಜೆಹೆಜ್ಜೆಗೂ ತಡೆಯುಂಟಾಗುತ್ತಿದ್ದ ಸರಕಿಗೆ ಇದರಿಂದ ಹಾದಿ ಸುಗಮವಾಯಿತು. ೧೮೬೮ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ಸೇತುವೆಯಾಗಿ ಬೆಂಗಳೂರು–ಧಾರವಾಡ ರಸ್ತೆಯು ನದಿಯನ್ನು ದಾಟಿತು. ಆಗ ನದಿಯ ಆಚೆಯ ಧಾರವಾಡ ಸೀಮೆಯು ಅಮೆರಿಕದ ಅಂತರ್ಯುದ್ಧದ ಪರಿಣಾಮಗಳನ್ನು ಕಂಡು ಮೂರು ವರ್ಷಗಳು ಮಾತ್ರ ಕಳೆದಿದ್ದುವು. ೧೮೬೧ರಿಂದ ೧೮೬೫ರ ವರೆಗೆ ಅಮೆರಿಕದ ಹತ್ತಿಯು ಲ್ಯಾಂಕಾಷೈರಿಗೆ ಬಾರದೆ ಹೋದುದರಿಂದ ಭಾರತದ ಹತ್ತಿಯ ಬೆಲೆಯು ಏರಿ, ಯುದ್ಧವು ಮುಗಿಯುತ್ತಲೆ ಕುಸಿಯಿತು. ದೂರದ ಯುದ್ಧವೊಂದು ಎರೆಭೂಮಿಯ ರೈತನ ಸಾಲವನ್ನು ನಿರ್ಣಯಿಸಿದ ಈ ಘಟನೆಗಿಂತ ಸ್ಫುಟವಾದ ಪಾಠವು ಯಾವ ಪಠ್ಯಪುಸ್ತಕದಲ್ಲಿಯೂ ಸಿಕ್ಕುವುದು ಕಷ್ಟ. ೧೮೮೯ರ ಹೊತ್ತಿಗೆ ರೈಲುಮಾರ್ಗವೂ ಹರಿಹರವನ್ನು ಮುಟ್ಟಿತು.

೩

ಪೇಟೆಯ ಮಕ್ಕಳು ವ್ಯವಹಾರವನ್ನು ಕಲಿಯುತ್ತಿದ್ದುದು ಎಲ್ಲಿ? ನೆರೆಯ ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲನು ೧೮೨೩ರಲ್ಲಿ ಮದರಾಸು ಸರ್ಕಾರಕ್ಕೆ ಕಳುಹಿಸಿದ ವರದಿಯು ಇದಕ್ಕೆ ಒಳ್ಳೆಯ ಆಧಾರ. ಹರಿಹರದ ನೆರೆಯ ಹರಪನಹಳ್ಳಿಯೂ ಆಗ ಆ ಜಿಲ್ಲೆಗೆ ಸೇರಿದ್ದಿತು. ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರೆಂದು ಅವನು ಲೆಕ್ಕ ಕೊಟ್ಟಿದ್ದಾನೆ. ಹಿರಿಯ ಹುಡುಗರು ಕಿರಿಯರಿಗೆ ಕಲಿಸುತ್ತಿದ್ದರು. ಮರಳಿನ ಮೇಲೆ ಅಕ್ಷರ ತಿದ್ದುವುದರಿಂದ ಮೊದಲುಗೊಂಡು ಮಗ್ಗಿ, ಲೆಕ್ಕ, ಕಾಗದ ಓದುವುದು, ಅರ್ಜಿ ಬರೆಯುವುದು ಇವುಗಳ ವರೆಗೆ ಪಾಠವು ನಡೆಯುತ್ತಿದ್ದಿತು. ಈ ಪದ್ಧತಿಯ ಮಿತವ್ಯಯವನ್ನು ಮೆಚ್ಚಿದ ಕ್ಯಾಂಬೆಲನೇ ಅದರ ದೋಷವನ್ನೂ ಹೇಳಿದನು. ಹುಡುಗರು ಕಂಠಪಾಠ ಮಾಡುತ್ತಿದ್ದ ಪದ್ಯಗಳ ಭಾಷೆಯು ಆಡುಮಾತಿಗಿಂತ ಬೇರೆಯಾಗಿದ್ದುದರಿಂದ, ಅರ್ಥ ತಿಳಿಯದೆ ಒಪ್ಪಿಸುವುದೇ ವಿದ್ಯೆಯೆನಿಸಿದ್ದಿತೆಂಬುದು ಅವನ ಆಕ್ಷೇಪ.

ಕೂಲಿಮಠದಿಂದ ಅಂಗಡಿಗೆ ಬಂದ ಹುಡುಗನಿಗೆ ಎರಡನೆಯ ವಿದ್ಯಾಶಾಲೆಯು ಕಡತ. ಇಂದು ಕಚೇರಿಯ ಕಾಗದದ ಕಟ್ಟಿಗೆ ಸಲ್ಲುವ ಈ ಹೆಸರು ಮೊದಲಿಗೆ ವರ್ತಕರ ಲೆಕ್ಕದ ಪುಸ್ತಕಕ್ಕೆ ಸಲ್ಲುತ್ತಿದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಕಡತದಲ್ಲಿ ತಪ್ಪು ಬರೆದವನಿಗೆ ಅಂಕಗಳು ಕಡಮೆಯಾಗುತ್ತಿರಲಿಲ್ಲ. ಯಜಮಾನನಿಗೆ ಹಣವು ನಷ್ಟವಾಗುತ್ತಿದ್ದಿತು. ಹೀಗೆ ಒಂದೇ ಸೀಮೆಯಲ್ಲಿ ಎರಡು ಬಗೆಯ ಪರೀಕ್ಷೆಗಳಿದ್ದುವು. ಮಠದಲ್ಲಿ ನೆನಪನ್ನೂ ಅಂಗಡಿಯಲ್ಲಿ ವಿವೇಚನೆಯನ್ನೂ ಪರೀಕ್ಷಿಸುತ್ತಿದ್ದರು. ವಿಶ್ವವಿದ್ಯಾನಿಲಯವು ಬಂದಾಗ ಇವುಗಳಲ್ಲಿ ಯಾವುದನ್ನು ಮುಂದುವರಿಸಿತೆಂಬುದನ್ನು ಇನ್ನು ನೋಡಬಹುದು.

೪

ಮದರಾಸು, ಮುಂಬಯಿ, ಕಲ್ಕತ್ತೆಗಳಲ್ಲಿ ೧೮೫೭ರಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ೧೯೧೬ರ ವರೆಗೆ ಮದರಾಸಿನ ಅಂಕೆಯಲ್ಲಿದ್ದುವು. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿತು. ಇದಕ್ಕೆ ಐದು ವರ್ಷಗಳ ಹಿಂದೆ, ೧೯೧೧ರಲ್ಲಿ, ಮೈಸೂರು ಎಕನಾಮಿಕ್ ಕಾನ್ಫರೆನ್ಸು ಏರ್ಪಟ್ಟು ಬೇಸಾಯ, ಕೈಗಾರಿಕೆ–ವ್ಯಾಪಾರ, ವಿದ್ಯಾಭ್ಯಾಸ ಇವುಗಳಿಗೆ ಬೇರೆಬೇರೆ ಸಮಿತಿಗಳಾಗಿದ್ದುವು. ೧೯೧೩ರಲ್ಲಿ ಮೈಸೂರು ಬ್ಯಾಂಕು ಸ್ಥಾಪಿತವಾಯಿತು. ಎಂದರೆ ಅರ್ಥಶಾಸ್ತ್ರವು ಮೈಸೂರು ಸಂಸ್ಥಾನದಲ್ಲಿ ತರಗತಿಗಿಂತ ಮೊದಲೇ ಆಡಳಿತದ ಕಾರ್ಯಸೂಚಿಯಲ್ಲಿ ಸ್ಥಾನ ಪಡೆದಿದ್ದಿತು. ಮೈಸೂರಿನಲ್ಲಿ ಅರ್ಥಶಾಸ್ತ್ರವನ್ನು ಬೋಧಿಸಿದ ಎನ್. ಎಸ್. ಸುಬ್ಬರಾಯರೂ ವಿ. ಎಲ್. ಡಿಸೋಜರೂ ಮುಂದೆ ಅದೇ ವಿಶ್ವವಿದ್ಯಾನಿಲಯದ ವೈಸ್ ಚಾನ್ಸಲರುಗಳಾದುದು ಈ ಶಾಸ್ತ್ರಕ್ಕೆ ಅಲ್ಲಿ ದೊರೆತ ಗೌರವವನ್ನು ಸೂಚಿಸುತ್ತದೆ.

ಇದೇ ಕಾಲದಲ್ಲಿ ಮೈಸೂರು ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷು ಭಾಷಾಂತರವನ್ನೂ ಪ್ರಕಟಿಸಿದರು. ಪಣ್ಯಾಧ್ಯಕ್ಷನು ಪರದೇಶದ ಸರಕಿಗೆ ರಿಯಾಯಿತಿ ತೋರಿಸಿ ಬರಮಾಡಿಕೊಳ್ಳಬೇಕೆಂದೂ, ರಾಷ್ಟ್ರಕ್ಕೆ ಪೀಡೆಯಾದ ಸರಕನ್ನು ತಡೆದು, ಬಹೂಪಕಾರಿಯಾದುದನ್ನೂ ದುರ್ಲಭವಾದ ಬೀಜವನ್ನೂ ಸುಂಕವಿಲ್ಲದೆ ಬಿಡಬೇಕೆಂದೂ ಆ ಗ್ರಂಥವು ವಿಧಿಸುತ್ತದೆ. ಆಮದು ಸುಂಕದ ಔಚಿತ್ಯವನ್ನು ಚರ್ಚಿಸಲು ಇದಕ್ಕಿಂತ ಒಳ್ಳೆಯ ಪೂರ್ವಪಕ್ಷವು ಬೇಕಾಗಿರಲಿಲ್ಲ. ಹೀಗಿದ್ದರೂ ಕೌಟಿಲ್ಯನು ಸಂಸ್ಕೃತ ಮತ್ತು ಚರಿತ್ರೆಯ ವಿದ್ಯಾರ್ಥಿಗಳ ಪಾಲಿಗೆ ಹೆಚ್ಚಾಗಿ ಸಂದನು; ಅರ್ಥಶಾಸ್ತ್ರದ ತರಗತಿಯಲ್ಲಿ ಅವನಿಗೆ ದೊರೆತುದು ಪೀಠಿಕೆಯ ಗೌರವ ಮಾತ್ರ.

ದಾವಣಗೆರೆ–ಹರಿಹರಗಳ ಸ್ಥಿತಿಯು ಈ ವಿಷಯದಲ್ಲಿ ವಿಶೇಷವಾದುದು. ಎರಡು ಊರುಗಳೂ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದುವು. ನದಿಯನ್ನು ದಾಟಿದರೆ ರಾಣೆಬೆನ್ನೂರು, ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ. ಇನ್ನೊಂದು ದಿಕ್ಕಿಗೆ ಹೋದರೆ ಹರಪನಹಳ್ಳಿ, ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ. ಹತ್ತು ಹರದಾರಿಗಳೊಳಗೆ ಒಂದೇ ಭಾಷೆಯನ್ನಾಡುವ, ಒಂದೇ ಸಂತೆಗೆ ಹತ್ತಿ ಜೋಳಗಳನ್ನು ತರುವ ಮನೆಗಳ ಮಕ್ಕಳು ಬೇರೆಬೇರೆ ವಿಶ್ವವಿದ್ಯಾನಿಲಯಗಳ ಪ್ರಶ್ನಪತ್ರಿಕೆಗಳಿಗೆ ಉತ್ತರ ಬರೆಯುತ್ತಿದ್ದರು. ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಏರ್ಪಟ್ಟಿತಾದರೂ ಅದು ಮುಂಬಯಿಗೆ ಸೇರಿದ್ದಿತು. ಕರ್ನಾಟಕ ವಿಶ್ವವಿದ್ಯಾನಿಲಯವು ಹುಟ್ಟಿದುದು ೧೯೪೯ರಲ್ಲಿ. ಹರಪನಹಳ್ಳಿಯು ೧೯೫೩ರ ಅಕ್ಟೋಬರ್ ೧ರಂದೂ ರಾಣೆಬೆನ್ನೂರು ೧೯೫೬ರ ನವೆಂಬರ್ ೧ರಂದೂ ಮೈಸೂರು ರಾಜ್ಯಕ್ಕೆ ಸೇರಿದುವು. ಅಲ್ಲಿಯ ವರೆಗೆ ಸರಕು ದಾಟಿದ ಸೇತುವೆಯನ್ನು ಪಾಠಪಟ್ಟಿಗಳು ದಾಟಲಿಲ್ಲ. ಮೂರು ಆಧಿಪತ್ಯಗಳ ನಡುವೆ ಒಂದು ಪೇಟೆಯು ಹೇಗೆ ಬಾಳಿತೆಂಬ ಪ್ರಶ್ನೆಯು ಮೂರು ಕಡೆಗಳಲ್ಲಿಯೂ ಯಾರ ಪಾಲಿಗೂ ಬಾರದೆ ಉಳಿದುದರಲ್ಲಿ ಆಶ್ಚರ್ಯವಿಲ್ಲ.

ಪ್ರತ್ಯಕ್ಷ ಪರಿಶೀಲನೆಯ ಮಾರ್ಗವು ಆ ಕಾಲಕ್ಕೆ ಅಪರಿಚಿತವಾಗಿದ್ದಿತೆಂದು ಹೇಳುವಂತಿಲ್ಲ. ೧೯೧೫ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಭಾರತೀಯ ಅರ್ಥಶಾಸ್ತ್ರದ ಅಧ್ಯಾಪಕನಾಗಿ ಬಂದ ಗಿಲ್ಬರ್ಟ್ ಸ್ಲೇಟರನು ತನ್ನ ವಿದ್ಯಾರ್ಥಿಗಳನ್ನು ಅವರವರ ಹಳ್ಳಿಗಳಿಗೆ ಕಳುಹಿಸಿ, ಭೂಮಿ, ಬೆಳೆ, ಸಾಲ, ಕೂಲಿಗಳ ವಿವರಗಳನ್ನು ಬರೆದು ತರಿಸಿದನು. ಆ ಬರಹಗಳು ೧೯೧೮ರಲ್ಲಿ ದಕ್ಷಿಣ ಭಾರತದ ಕೆಲವು ಹಳ್ಳಿಗಳನ್ನು ಕುರಿತ ಗ್ರಂಥವಾಗಿ ಹೊರಬಂದುವು. ೧೯೪೦ರಲ್ಲಿ ಪಿ. ಜೆ. ತಾಮಸ್ ಮತ್ತು ಕೆ. ಸಿ. ರಾಮಕೃಷ್ಣನ್ ಅವರು ಆ ಹಳ್ಳಿಗಳ ಪುನಃಪರಿಶೀಲನೆಯನ್ನು ಪ್ರಕಟಿಸಿದರು. ವಿದ್ಯಾರ್ಥಿಯ ಅಭ್ಯಾಸಪತ್ರವು ಎರಡು ದಶಕಗಳ ಮೇಲೆ ವಿದ್ವಾಂಸರಿಗೆ ಆಧಾರವಾಯಿತೆಂಬುದು ಆ ಬೋಧನ ಕ್ರಮದ ಸಾಫಲ್ಯಕ್ಕೆ ಸಾಕ್ಷಿ. ಆದರೆ ಪದವಿಯನ್ನು ನಿರ್ಣಯಿಸುತ್ತಿದ್ದುದು ಹಳ್ಳಿಯ ಪರಿಶೀಲನೆಯಲ್ಲ, ಮೂರು ಗಂಟೆಗಳ ಬರಹದ ಪರೀಕ್ಷೆ.

೫

ಪರೀಕ್ಷೆಯು ಬೋಧನೆಗೆ ಅಧೀನವಾಗಿರುವ ಬದಲು ಬೋಧನೆಯೇ ಪರೀಕ್ಷೆಗೆ ಅಧೀನವಾಗಿದೆಯೆಂದು ೧೯೦೨ರ ವಿಶ್ವವಿದ್ಯಾನಿಲಯಗಳ ಕಮಿಷನ್ನು ವಿಷಾದಿಸಿತು. ಒಮ್ಮೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ಸರ್ವೆಪಲ್ಲಿ ರಾಧಾಕೃಷ್ಣನ್ನರ ಅಧ್ಯಕ್ಷತೆಯಲ್ಲಿ ೧೯೪೮–೪೯ರಲ್ಲಿ ಕೆಲಸ ಮಾಡಿದ ಕಮಿಷನ್ನು, ವಿಶ್ವವಿದ್ಯಾನಿಲಯಗಳಲ್ಲಿ ಒಂದೇ ಒಂದು ಸುಧಾರಣೆಯನ್ನು ಹೇಳಬೇಕಾದರೆ ಅದು ಪರೀಕ್ಷೆಗಳದೇ ಎಂದು ಅಭಿಪ್ರಾಯಪಟ್ಟಿತು. ಅರ್ಧ ಶತಮಾನದ ಅಂತರದಲ್ಲಿ ಎರಡು ಕಮಿಷನ್ನುಗಳು ಒಂದೇ ಮಾತನ್ನು ಹೇಳಬೇಕಾಗಿ ಬಂದುದರಿಂದ, ವ್ಯಾಧಿಯ ಮೂಲವು ಪಠ್ಯಪುಸ್ತಕದಲ್ಲಿರದೆ ಪ್ರಶ್ನಪತ್ರಿಕೆಯಲ್ಲಿತ್ತೆಂದು ಊಹಿಸಬಹುದು.

ರಾಜ್ಯಾರ್ಥಶಾಸ್ತ್ರದಲ್ಲಿ ಇದರ ಪರಿಣಾಮವನ್ನು ತೋರಿಸಲು ಒಂದು ಉದಾಹರಣೆ ಸಾಕು. ಅಂತರರಾಷ್ಟ್ರೀಯ ವ್ಯಾಪಾರದ ಪಾಠವು ಎಲ್ಲೆಲ್ಲಿಯೂ ಡೇವಿಡ್ ರಿಕಾರ್ಡೊ ೧೮೧೭ರಲ್ಲಿ ಮಂಡಿಸಿದ ತುಲನಾತ್ಮಕ ಲಾಭದ ತತ್ತ್ವದಿಂದ ಮೊದಲಾಗುತ್ತದೆ. ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ದ್ರಾಕ್ಷಾರಸ. ಎರಡು ದೇಶಗಳೂ ತಮಗೆ ಹೆಚ್ಚು ಅನುಕೂಲವಾದುದನ್ನು ತಯಾರಿಸಿ ವಿನಿಮಯ ಮಾಡಿಕೊಂಡರೆ ಇಬ್ಬರಿಗೂ ಲಾಭವೆಂಬುದು ಅದರ ಸಾರ. ವಿದ್ಯಾರ್ಥಿಯು ಕೋಷ್ಟಕವನ್ನು ಬರೆದು ಶ್ರಮದ ಲೆಕ್ಕವನ್ನು ತೋರಿಸಿದರೆ ಅಂಕಗಳು ದೊರೆಯುತ್ತವೆ. ಆದರೆ ಆ ಬಟ್ಟೆಗೂ ಆ ದ್ರಾಕ್ಷಾರಸಕ್ಕೂ ನಡುವೆ ೧೭೦೩ರ ಮೆಥ್ಯೂಯೆನ್ ಒಪ್ಪಂದವಿದ್ದಿತು. ಪೋರ್ಚುಗಲ್ ಇಂಗ್ಲೆಂಡಿನ ಉಣ್ಣೆಬಟ್ಟೆಗೆ ಬಾಗಿಲು ತೆರೆಯಬೇಕು, ಇಂಗ್ಲೆಂಡ್ ಪೋರ್ಚುಗಲ್ಲಿನ ದ್ರಾಕ್ಷಾರಸಕ್ಕೆ ಫ್ರಾನ್ಸಿನದಕ್ಕಿಂತ ಕಡಮೆ ಸುಂಕ ಹಾಕಬೇಕು ಎಂಬುದು ಆ ಒಪ್ಪಂದದ ನಿಯಮ. ಎರಡು ರಾಜ್ಯಗಳ ಯುದ್ಧಕಾಲದ ಮೈತ್ರಿ ಅದರ ಹಿನ್ನೆಲೆ. ಕೋಷ್ಟಕದಲ್ಲಿ ಈ ಸಂಗತಿಯು ಕಾಣುವುದಿಲ್ಲ. ಪ್ರಶ್ನಪತ್ರಿಕೆಯು ಅದನ್ನು ಕೇಳುವುದೂ ಇಲ್ಲ. ಶಾಸ್ತ್ರದ ಹೆಸರಿನಲ್ಲಿರುವ ‘ರಾಜ್ಯ’ವು ಉತ್ತರದಿಂದ ಜಾರಿಹೋಗುವುದು ಹೀಗೆ.

ಇದರ ಪಕ್ಕದಲ್ಲಿ ದಾವಣಗೆರೆಯ ಅಡಕೆ ಮತ್ತು ವಾಲಾಜಾಪೇಟೆಯ ಉಪ್ಪನ್ನು ಇಟ್ಟು ನೋಡಬಹುದು. ಮಲೆನಾಡಿನಲ್ಲಿ ಉಪ್ಪು ಬೆಳೆಯದು, ಕರಾವಳಿಯ ಉಪ್ಪಿನ ಗದ್ದೆಯಲ್ಲಿ ಅಡಕೆ ಬೆಳೆಯದು. ವಿನಿಮಯವು ಇಬ್ಬರಿಗೂ ಲಾಭಕರವೆಂಬಷ್ಟು ತತ್ತ್ವವು ಇಲ್ಲಿಯೂ ಸಿದ್ಧವಾಗುತ್ತದೆ. ಆದರೆ ಲಾಭದಲ್ಲಿ ತೋಟಗಾರನ ಪಾಲೆಷ್ಟು, ಹೇರಿನವನ ಪಾಲೆಷ್ಟು, ಸುಂಕದ ಗುತ್ತಿಗೆದಾರನ ಪಾಲೆಷ್ಟು, ಜಹಗೀರು ಕೊಟ್ಟ ಅರಸನು ಏನನ್ನು ಬಯಸಿದನು ಎಂಬ ಪ್ರಶ್ನೆಗಳನ್ನು ಈ ಉದಾಹರಣೆಯು ತಾನಾಗಿಯೇ ಎತ್ತುತ್ತದೆ. ಪರೀಕ್ಷಕನು ಬಯಸಬೇಕಾದುದು ಇಷ್ಟೇ: ವ್ಯಾಪಾರದ ಹಿಂದೆ ನಿಂತಿರುವ ನಿಯಮವನ್ನೂ, ಆ ನಿಯಮವನ್ನು ಮಾಡಿದವನನ್ನೂ, ಅದರಿಂದ ಗಳಿಸಿದವನನ್ನೂ ಕಳೆದುಕೊಂಡವನನ್ನೂ ವಿದ್ಯಾರ್ಥಿಯು ಗುರುತಿಸಬಲ್ಲನೆ?

೬

ಇಪ್ಪತ್ತನೆಯ ಶತಮಾನವು ಈ ಸೀಮೆಗೆ ಇನ್ನೂ ಹೆಚ್ಚಿನ ಸಾಮಗ್ರಿಯನ್ನು ಒದಗಿಸಿತು. ೧೯೩೦ರ ದಶಕದ ಉತ್ತರಾರ್ಧದಿಂದ ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರೆಂಬ ಹೆಸರು ಬಂದಿತು. ಶತಮಾನವು ಮುಗಿಯುವ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ಮುಚ್ಚಿದ್ದುವು. ೧೯೪೧ರಲ್ಲಿ, ಮಹಾಯುದ್ಧದ ನಡುವೆ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ ಲೇತ್ ಯಂತ್ರಗಳನ್ನು ತಯಾರಿಸಿತು. ೧೯೯೧ರ ಆರ್ಥಿಕ ನೀತಿಯಿಂದ ಪರದೇಶದ ಯಂತ್ರಗಳಿಗೆ ಬಾಗಿಲು ತೆರೆಯಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಈ ಕಾರ್ಖಾನೆಯು ನಿಂತುಹೋಯಿತು. ಇವೆರಡರ ನಡುವೆ ಕಾರ್ಯಕಾರಣವೆಷ್ಟು, ಕಾಲಕ್ರಮದ ಸಾಮೀಪ್ಯವೆಷ್ಟು ಎಂಬುದನ್ನು ತೂಗಿ ನೋಡುವುದು ಒಳ್ಳೆಯ ವಿದ್ಯಾರ್ಥಿಗೆ ತಕ್ಕ ಕೆಲಸ. ಜವಳಿಯ ವಿಷಯದಲ್ಲಿಯೂ ಹೀಗೆಯೇ. ೧೯೭೪ರ ಬಹುತಂತು ಒಪ್ಪಂದದಿಂದ ಬೆಳೆದ ಕೋಟಾ ಪದ್ಧತಿಯು ೨೦೦೫ರ ಜನವರಿ ೧ರಂದು ಕೊನೆಗೊಂಡಿತು. ಆದರೆ ದಾವಣಗೆರೆಯ ಗಿರಣಿಗಳ ಅವನತಿಯು ಅದಕ್ಕೆ ಮುಂಚೆಯೇ ಆಗಿಹೋಗಿದ್ದುದರಿಂದ, ಎಲ್ಲವನ್ನೂ ಪ್ರಪಂಚದ ಪೇಟೆಯ ತಲೆಗೆ ಕಟ್ಟುವುದು ಸಾಧುವಲ್ಲ.

ನದಿಯ ಆಚೆಯ ದಡದ ಕುಮಾರಪಟ್ಟಣದಲ್ಲಿ ೧೯೭೨ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ರೇಯಾನಿಗೆ ಬೇಕಾದ ತಿರುಳನ್ನು ತಯಾರಿಸಲು ಮೊದಲುಮಾಡಿತು. ಅದಕ್ಕೆ ನೀಲಗಿರಿಯ ಮರವನ್ನು ಒದಗಿಸುವುದಕ್ಕಾಗಿ ೧೯೮೪ರಲ್ಲಿ ರಾಜ್ಯ ಸರ್ಕಾರವೂ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಮಾಡಿ, ಸುಮಾರು ೩೦,೦೦೦ ಹೆಕ್ಟೇರು ನೆಲವನ್ನು ಅದಕ್ಕೆ ಗೊತ್ತುಮಾಡಿದುವು. ಅದರಲ್ಲಿ ಹಳ್ಳಿಯವರ ದನಕರುಗಳಿಗೂ ಸೌದೆಗೂ ಆಧಾರವಾದ ಭೂಮಿಯು ಸೇರಿದ್ದುದರಿಂದ ಪ್ರತಿಭಟನೆ ಹುಟ್ಟಿತು. ೧೯೮೭ರ ನವೆಂಬರ್ ೧೪ರಂದು ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹವು ನಡೆಯಿತು. ನೀಲಗಿರಿಯ ಸಸಿಗಳನ್ನು ಕಿತ್ತು ಊರಿಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ೧೯೯೧ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು. ಕಾರ್ಖಾನೆಯ ಕೂಲಿ, ಸರ್ಕಾರದ ಕೈಗಾರಿಕಾ ನೀತಿ, ಹುಲ್ಲುಗಾವಲಿನ ಹಕ್ಕು ಇವು ಮೂರೂ ಒಂದೇ ನೆಲದ ಮೇಲೆ ಎದುರಾದ ಈ ಪ್ರಸಂಗದಲ್ಲಿ ಯಾವ ಪಕ್ಷದ ವಾದವೂ ತಳ್ಳಿಹಾಕುವಂಥದಲ್ಲ. ಪರೀಕ್ಷೆಯಲ್ಲಿ ಒಂದು ಪಕ್ಷವನ್ನು ಹೊಗಳಿ ಬರೆದವನಿಗಿಂತ, ಮೂರು ಪಕ್ಷಗಳ ಲೆಕ್ಕವನ್ನೂ ಬಿಡಿಸಿ ತೋರಿಸಿದವನು ಹೆಚ್ಚಿನ ಅಂಕಗಳಿಗೆ ಅರ್ಹನು.

ಬುಕಾನನ್ನನ ಕಾಲದ ಅಡಕೆಯೂ ಚರಿತ್ರೆಯಿಂದ ಮರೆಯಾಗಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿಯು ಈಗ ಅಡಕೆಯ ಮುಖ್ಯ ಸೀಮೆಗಳಲ್ಲಿ ಒಂದು. ಕೇಂದ್ರ ಸರ್ಕಾರವು ಆಮದಾಗುವ ಅಡಕೆಯ ಕನಿಷ್ಠ ಬೆಲೆಯನ್ನು ೨೦೨೩ರಲ್ಲಿ ಕಿಲೋಗ್ರಾಮಿಗೆ ೨೫೧ ರೂಪಾಯಿಗಳಿಂದ ೩೫೧ ರೂಪಾಯಿಗಳಿಗೆ ಏರಿಸಿತು. ಅದರ ಹಿಂದಿನ ವರ್ಷ ಭೂತಾನದಿಂದ ೧೭,೦೦೦ ಟನ್ನು ಹಸಿ ಅಡಕೆಯನ್ನು ಆ ನಿಬಂಧನೆಯಿಲ್ಲದೆ ತರಲು ಅನುಮತಿ ನೀಡಿದ್ದಿತು. ಒಂದು ಕಡೆ ಬೆಳೆಗಾರನ ರಕ್ಷಣೆ, ಇನ್ನೊಂದು ಕಡೆ ನೆರೆರಾಜ್ಯದ ಸ್ನೇಹ. ಸುಂಕದ ಪುಸ್ತಕದಲ್ಲಿ ಎರಡು ರಾಜನೀತಿಗಳು ಅಕ್ಕಪಕ್ಕದಲ್ಲಿ ಕುಳಿತಿವೆ. ಪರದೇಶದ ಸರಕಿಗೆ ತೋರಿಸಬೇಕಾದ ಅನುಗ್ರಹವನ್ನು ಕುರಿತ ಕೌಟಿಲ್ಯನ ವಿಧಿಯನ್ನು ಇದರ ಜೊತೆಗಿಟ್ಟು ವಿಮರ್ಶಿಸೆಂದು ಕೇಳುವ ಪ್ರಶ್ನೆಯು ಯಾವ ವಿಶ್ವವಿದ್ಯಾನಿಲಯಕ್ಕೂ ಅಗೌರವವನ್ನು ತಾರದು.

ವಿದ್ಯಾಸಂಸ್ಥೆಗಳೂ ಈ ಮಧ್ಯೆ ಊರಿಗೆ ಬಂದುವು. ೧೯೫೧ರಲ್ಲಿ ಇಂಜಿನಿಯರಿಂಗ್ ಕಾಲೇಜೂ ೧೯೬೫ರಲ್ಲಿ ವೈದ್ಯಕೀಯ ಕಾಲೇಜೂ ದಾವಣಗೆರೆಯಲ್ಲಿ ಆದುವು. ೧೯೭೯ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವು ಇಲ್ಲಿ ಏರ್ಪಟ್ಟು, ೧೯೮೭ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿತು. ೨೦೦೯ರಲ್ಲಿ ಅದೇ ದಾವಣಗೆರೆ ವಿಶ್ವವಿದ್ಯಾನಿಲಯವಾಗಿ, ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ನೆಲೆಗೊಂಡು, ದಾವಣಗೆರೆ ಚಿತ್ರದುರ್ಗ ಜಿಲ್ಲೆಗಳಿಗೆ ವ್ಯಾಪಿಸಿತು. ಮೂರು ಆಡಳಿತಗಳ ಅಂಚಿನಲ್ಲಿದ್ದ ಸೀಮೆಗೆ ಪ್ರಶ್ನಪತ್ರಿಕೆಯನ್ನು ತಾನೇ ಬರೆಯುವ ಅಧಿಕಾರವು ಹೀಗೆ ದೊರೆಯಿತು.

೭

ಈ ಅಧಿಕಾರದ ವಿನಿಯೋಗಕ್ಕೆ ಚರಿತ್ರೆಯು ಕೆಲವು ಸೂಚನೆಗಳನ್ನು ಕೊಡುತ್ತದೆ. ಮೊದಲನೆಯದಾಗಿ, ತತ್ತ್ವವನ್ನು ಕೇಳುವ ಪ್ರಶ್ನೆಯ ಜೊತೆಗೆ ಒಂದು ಆಧಾರಪತ್ರವನ್ನು ಕೊಡಬೇಕು. ಬುಕಾನನ್ನನ ವೃತ್ತಾಂತದ ಸಾರವನ್ನೋ ಸುಂಕದ ಪಟ್ಟಿಯನ್ನೋ ಶಾಸನದ ಒಂದು ಭಾಗವನ್ನೋ ಮುಂದಿಟ್ಟು, ಅದರಿಂದ ತಿಳಿಯುವುದೇನು, ತಿಳಿಯದಿರುವುದೇನು ಎಂದು ಕೇಳಿದರೆ ಕಂಠಪಾಠವು ನೆರವಿಗೆ ಬಾರದು. ಎರಡನೆಯದಾಗಿ, ಸ್ಲೇಟರನ ಮಾದರಿಯಲ್ಲಿ ಒಂದು ಸರಕನ್ನು ಹಿಂಬಾಲಿಸಿ ಬರೆಯುವ ಪರಿಶೀಲನ ಪತ್ರವು ಇರಬೇಕು. ಅಡಕೆಯನ್ನೋ ಮೆಕ್ಕೆಜೋಳವನ್ನೋ ಹೊಲದಿಂದ ಮಂಡಿಗೆ, ಮಂಡಿಯಿಂದ ಬಂದರಿಗೆ ಹಿಂಬಾಲಿಸಿ, ಕಂಡುದನ್ನೂ ಕೇಳಿದುದನ್ನೂ ಊಹಿಸಿದುದನ್ನೂ ಬೇರೆಬೇರೆಯಾಗಿ ಬರೆಯುವುದು ಅದರ ನಿಯಮವಾಗಬೇಕು. ಮೂರನೆಯದಾಗಿ, ಆ ಪತ್ರವನ್ನು ಬರೆದವನೇ ಅದನ್ನು ಬಾಯಿಮಾತಿನಲ್ಲಿ ಸಮರ್ಥಿಸಬೇಕು. ಇನ್ನೊಬ್ಬರಿಂದ ಬರೆಯಿಸಿದುದು ಅಲ್ಲಿ ಹೊರಬೀಳುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಊರಿನ ಅಧ್ಯಾಪಕರೇ ಅಂಕಗಳನ್ನು ಕೊಟ್ಟರೆ ಪಕ್ಷಪಾತಕ್ಕೆ ಎಡೆಯಾಗುವುದೆಂಬುದು ಒಂದು. ಇದು ನಿರಾಧಾರವಾದ ಭಯವಲ್ಲ; ಮುಚ್ಚಿದ ಹೆಸರು, ಹೊರಗಿನ ಪರೀಕ್ಷಕರು ಎಂಬ ಏರ್ಪಾಡುಗಳು ಹುಟ್ಟಿದುದು ಇಂಥ ಭಯದಿಂದಲೇ. ಆದ್ದರಿಂದ ಪರಿಶೀಲನ ಪತ್ರವನ್ನು ಇಬ್ಬರು ಪ್ರತ್ಯೇಕವಾಗಿ ಬೆಲೆಕಟ್ಟಿ, ಅಂಕ ಕೊಡುವ ಆಧಾರಗಳನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸುವುದು ಅವಶ್ಯ. ಊರಿನ ಸಂಗತಿಗಳಲ್ಲಿಯೇ ಮುಳುಗಿದವನಿಗೆ ಪ್ರಪಂಚದ ದೃಷ್ಟಿಯು ಕುಗ್ಗುವುದೆಂಬುದು ಇನ್ನೊಂದು. ಆದರೆ ದಾವಣಗೆರೆಯ ಅಡಕೆಯನ್ನು ಸರಿಯಾಗಿ ಹಿಂಬಾಲಿಸಿದವನು ೧೮೦೧ರಲ್ಲಿ ಚೀನದ ಸರಕನ್ನೂ ೨೦೨೨ರಲ್ಲಿ ಭೂತಾನದ ಅಡಕೆಗೆ ದೊರೆತ ಅನುಮತಿಯನ್ನೂ ಕಾಣದೆ ಇರಲಾರನು. ರಿಕಾರ್ಡೊವನ್ನು ಬಿಟ್ಟುಬಿಡಬೇಕಾಗಿಲ್ಲ, ಅವನ ಕೋಷ್ಟಕದ ಹಿಂದಣ ಒಪ್ಪಂದವನ್ನು ಹುಡುಕುವ ಕಣ್ಣನ್ನು ಊರಿನ ಪೇಟೆಯು ಕೊಡುತ್ತದೆ.

ಭಾಷೆಯ ಪ್ರಶ್ನೆಯು ಇವೆಲ್ಲಕ್ಕಿಂತ ಆಳವಾದುದು. ಕುವೆಂಪು ಅವರು ೧೯೫೬ರಿಂದ ೧೯೬೦ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದಾಗ ಉನ್ನತ ಶಿಕ್ಷಣದಲ್ಲಿ ಕನ್ನಡವನ್ನು ಬೋಧನಭಾಷೆಯಾಗಿ ತರುವ ಪ್ರಯತ್ನವು ಬಲಗೊಂಡಿತು. ಆದರೆ ಪಾಠದ ಭಾಷೆಯನ್ನು ಬದಲಾಯಿಸಿದ ಮಾತ್ರಕ್ಕೆ ಪಾಠದ ಉದಾಹರಣೆಗಳು ಬದಲಾಗುವುದಿಲ್ಲ. ಇಂಗ್ಲಿಷಿನ ವಾಕ್ಯಕ್ಕೆ ಸಂಸ್ಕೃತದ ಪದಗಳನ್ನು ತೊಡಿಸಿದ ಪಠ್ಯವನ್ನು ಬಾಯಿಪಾಠ ಮಾಡುವ ಇಂದಿನ ವಿದ್ಯಾರ್ಥಿಯೂ, ತಿಳಿಯದ ಪದ್ಯವನ್ನು ಒಪ್ಪಿಸುತ್ತಿದ್ದ ೧೮೨೩ರ ಬಳ್ಳಾರಿಯ ಹುಡುಗನೂ ಒಂದೇ ಕಷ್ಟದಲ್ಲಿದ್ದಾರೆ. ಮಂಡಿ, ಅಡತಿ, ದಲ್ಲಾಳಿ, ಹುಂಡಿ, ವಾಯಿದೆ, ಲೇವಾದೇವಿ ಎಂಬ ಮಾತುಗಳನ್ನು ಮನೆಯಲ್ಲಿ ಕೇಳಿ ಬೆಳೆದವನು ಉತ್ತರಪತ್ರಿಕೆಯಲ್ಲಿ ಅವನ್ನು ಬಳಸಲು ಅಂಜಿದರೆ, ಅವನು ತಿಳಿದಿದ್ದರಲ್ಲಿ ಅರ್ಧವು ಪರೀಕ್ಷಕನನ್ನು ಮುಟ್ಟುವುದಿಲ್ಲ. ಆ ಅರ್ಧಕ್ಕೆ ಸಲ್ಲಬೇಕಾದ ಅಂಕಗಳನ್ನು ಕಳೆದುಕೊಳ್ಳುವವನು ಸಾಮಾನ್ಯವಾಗಿ ಬಡವರ ಮನೆಯ, ಕನ್ನಡದಲ್ಲಿ ಓದಿದ ವಿದ್ಯಾರ್ಥಿ. ಇಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಿಗೆ ಸಾಹಿತ್ಯದ ಅಧ್ಯಾಪಕರ ನೆರವು ಬೇಕು. ಶಾಸನಗಳ ಹೆಜ್ಜುಂಕದಿಂದ ಇಂದಿನ ಆಮದು ಸುಂಕದ ವರೆಗಿನ ಪದಗಳ ಚರಿತ್ರೆಯನ್ನು ಸಂಗ್ರಹಿಸಿ, ಅರ್ಥಭೇದಗಳನ್ನು ನಿರ್ಣಯಿಸಿ, ತರಗತಿಗೆ ಒದಗಿಸಿಕೊಡುವ ಸಾಮರ್ಥ್ಯವು ಅವರಿಗಿದೆ.

ಕೂಲಿಮಠದ ಒಪ್ಪಿಸುವಿಕೆ, ಅಂಗಡಿಯ ಕಡತ ಎಂಬ ಎರಡು ಪರೀಕ್ಷೆಗಳಲ್ಲಿ ವಿಶ್ವವಿದ್ಯಾನಿಲಯವು ಮೊದಲನೆಯದನ್ನು ಮುಂದುವರಿಸಿ ಎರಡನೆಯದನ್ನು ಹೊರಗಿರಿಸಿತು. ಕಡತದಲ್ಲಿ ಪ್ರತಿಯೊಂದು ಮೊತ್ತದ ಪಕ್ಕದಲ್ಲಿ ಕೊಟ್ಟವನ ಹೆಸರೂ ಪಡೆದವನ ಹೆಸರೂ ಇರುತ್ತಿದ್ದುವು. ದೇಶದೇಶಗಳ ವ್ಯಾಪಾರವನ್ನು ಕುರಿತ ಉತ್ತರದಲ್ಲಿಯೂ ಆ ಎರಡು ಹೆಸರುಗಳನ್ನು ಕೇಳುವ ಪ್ರಶ್ನಪತ್ರಿಕೆಯು ಸಿದ್ಧವಾದರೆ, ಪಠ್ಯಪುಸ್ತಕಗಳು ಅದನ್ನು ಹಿಂಬಾಲಿಸಿ ಬರುವುದರಲ್ಲಿ ಸಂದೇಹವಿಲ್ಲ.